ಮಾತಿನ ವಾಲ್ವ್ ಹಾಕಿ ಮಲಗಬಹುದೇ?
ಸಿಂಧನೂರಿನಿಂದ ಬರೆದಿರುವ ತಾವು, ತಂದೆಯವರ ಟ್ರೇಕಿಯಾಸ್ಟಮಿ ನಳಿಕೆಗೆ (ಉಸಿರಾಟಕ್ಕೆಂದು ಕುತ್ತಿಗೆಯ ರಂಧ್ರದ ಮೂಲಕ ಶ್ವಾಸನಾಳಕ್ಕೆ ಇಳಿಸಿದ ಕೊಳವೆಗೆ) ಮಾತಿನ ವಾಲ್ವ್ ಹಾಕಿಯೇ ರಾತ್ರಿ ಮಲಗಿಸಬಹುದೇ ಎಂದು ಕೇಳಿದ್ದೀರಿ; ಮಲಗಿಸಬಾರದು. ಮಾತಾಡಲು ನೆರವಾಗಲೆಂದು ನಳಿಕೆಯ ಹೊರತುದಿಗೆ ಕೂಡಿಸುವ ಈ ವಾಲ್ವ್ ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ. ಹೊರಹೋಗುವ ಉಸಿರು ನಳಿಕೆಯ ಸುತ್ತಲಿನ ಜಾಗದಿಂದ ಮೇಲೇರಿ ಧ್ವನಿತಂತುಗಳನ್ನು ದಾಟಿ ಬಾಯಿ, ಮೂಗಿನಿಂದ ಹೋಗಬೇಕಾದ್ದರಿಂದ, ಶ್ವಾಸನಾಳದೊಳಗೆ ನಳಿಕೆಯ ಸುತ್ತ ಇರುವ ಬಲೂನಿನಲ್ಲಿ ಗಾಳಿ ಉಳಿದಿದ್ದರೆ ಆ ಉಸಿರಿಗೆ ದಾರಿಯೇ ಇರದೆ ಪ್ರಾಣಾಪಾಯವಾಗುತ್ತದೆ. ಸಿರಿಂಜಿನಿಂದ ಬಲೂನನ್ನು ಪೂರ್ತಿ ಖಾಲಿ ಮಾಡಿ, ಕಫವನ್ನು ಸಕ್ಷನ್ ಮಾಡಿದ (ಯಂತ್ರದಿಂದ ಹೀರಿ ತೆಗೆದ) ಮೇಲೆಯೇ ವಾಲ್ವ್ ಕೂಡಿಸಿರಿ. ಮೊದಲ ಬಾರಿಯಂತೂ ಇದು ವೈದ್ಯರ ಎದುರಿಗೇ ನಡೆಯಬೇಕು. ಉಸಿರು ಬಿಗಿದರೆ ಅಥವಾ ಆಮ್ಲಜನಕದ ಮಟ್ಟ ಇಳಿದರೆ ತಕ್ಷಣ ತೆಗೆಯಿರಿ. ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಕಫ ಬೇಗ ಗಟ್ಟಿಯಾಗುತ್ತದೆ ಎಂಬುದನ್ನೂ ಲಕ್ಷಿಸಿರಿ. ನೆಬ್ಯುಲೈಸರ್ ಔಷಧ ಕೊಡುವಾಗಲೂ ವಾಲ್ವ್ ಇರಕೂಡದು. ತೊಳೆಯಲು ಉಗುರುಬೆಚ್ಚಗಿನ ಸಾಬೂನು ನೀರು ಸಾಕು, ಕುದಿಸಬೇಡಿರಿ.