ಪ್ರಜ್ಞೆಯ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಆರನೇ ಪುಟ ಬಿಟ್ಟು

ನಮಸ್ಕಾರ. ನೀವು ಬಾಗಲಕೋಟೆಯಿಂದ ಕಳಿಸಿದ ‘ಪ್ರಜ್ಞೆ: ವಿಜ್ಞಾನದ ಸೋಲು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕೋಕೆ ಆಗುವುದಿಲ್ಲ. ಹಾಗಂತ ಇದನ್ನು ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ, ಯಾಕಂದ್ರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ, ಅದಕ್ಕೋಸ್ಕರವೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನೀವು ಹೊರಗೆ ಬೆಂಚಿನ ಮೇಲೆ ಮೂರು ತಾಸು ಕೂತಿದ್ದಿರಿ. ಎಚ್ಚರ ಆದ ಕೂಡಲೇ ಅವ್ವ ನರ್ಸಿಗೆ ಕೇಳಿದ್ದು, “ಯಾವಾಗ ಚಾಲೂ ಮಾಡ್ತೀರವಾ?” ಅಂತ. ಅವರ ಪಾಲಿಗೆ ಆ ಮೂರು ತಾಸು ಇರಲೇ ಇಲ್ಲ. ರಾತ್ರಿ ನಿದ್ದೆ ಮಾಡಿ ಎದ್ದವರಿಗೆ ಒಂದಿಷ್ಟು ಹೊತ್ತು ಕಳೆದಿದೆ ಅನ್ನೋ ಅಂದಾಜಾದರೂ ಇರುತ್ತೆ, ಅವ್ವನಿಗೆ ಅದೂ ಇರಲಿಲ್ಲ. ಎಂಥಾ ಜಾಗಕ್ಕೆ ಬಂದು ಮುಟ್ಟಿದ್ದಿರಿ! ಅಲ್ಲೇ ನಿಲ್ಲಬೇಕಿತ್ತು. ನೀವು ಮರುಸಾಲಿನಲ್ಲೇ ಕ್ವಾಂಟಮ್‌ಗೆ ಹಾರಿದಿರಿ, ಅಲ್ಲಿಂದ ಆತ್ಮಕ್ಕೆ, ಅಲ್ಲಿಂದ ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅನ್ನುವಲ್ಲಿಗೆ. ‘ವಿಜ್ಞಾನಕ್ಕೆ ಇನ್ನೂ ಗೊತ್ತಾಗಿಲ್ಲ’ ಅನ್ನೋದು ಒಂದು ಮಾತು, ‘ಹಾಗಾಗಿ ನಾನು ಹೇಳೋದೇ ಸರಿ’ ಅನ್ನೋದು ಬೇರೆಯೇ ಮಾತು. ನಡುವೆ ದಾರಿ ಇಲ್ಲ. ನೀವು ದಾರಿ ಇದೆ ಅಂತ ನಡೆದುಬಿಟ್ಟಿದ್ದೀರಿ.

ನಿಮಗೆ ಬೇಕಾಗಿರುವುದು ಕಷ್ಟ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವುದು. ಅದಕ್ಕೆ ಮೊದಲು ಎಲ್ಲಿ ಕಷ್ಟ ಇಲ್ಲ ಅನ್ನುವುದನ್ನು ಹೇಳಬೇಕು. ರೊಟ್ಟಿ ಜೊತೆ ರಂಜಕ ಹಚ್ಚಿಕೊಂಡಾಗ ಬಾಯಿ ಯಾಕೆ ಉರಿಯುತ್ತೆ ಅನ್ನೋದು ಈಗ ಚೆನ್ನಾಗಿಯೇ ಗೊತ್ತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನಾಲಿಗೆಯ ನರಗಳಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವುದೂ ಅದೇ ಪ್ರೋಟೀನು. ಅದಕ್ಕೇ ಖಾರ ನಮಗೆ ಸುಟ್ಟ ಹಾಗೆ ಅನಿಸುತ್ತೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ನಾಲಿಗೆಯಿಂದ ಮಿದುಳಿನವರೆಗೆ ಸುದ್ದಿ ಹೋಗುವ ದಾರಿಯನ್ನೂ ಗುರುತು ಮಾಡಿ ತೋರಿಸಬಹುದು. ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ: ಈ ಕೆಲಸಗಳೆಲ್ಲ ಸುಮ್ನೆ ಒಳಗೇ ನಡೆದು ಮುಗಿಯಬಹುದಿತ್ತಲ್ವಾ, ಜೊತೆಗೆ ‘ಅಬ್ಬಾ, ಖಾರ!’ ಅಂತ ಒಬ್ಬರಿಗೆ ಅನಿಸೋದು ಯಾಕೆ? ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1990ರ ದಶಕದಲ್ಲಿ ‘ಕಠಿಣ ಸಮಸ್ಯೆ’ ಅಂತ ಕರೆದದ್ದು ಇದನ್ನೇ. ನಿಮ್ಮ ಲೇಖನದಲ್ಲಿ ಅವರ ಹೆಸರು ಐದು ಸಲ ಬರುತ್ತೆ, ಈ ಪ್ರಶ್ನೆ ಮಾತ್ರ ಒಂದು ಸಲವೂ ಬಂದಿಲ್ಲ.

ಚಾಲ್ಮರ್ಸ್ ಜೊತೆಗಿನ ಪಂದ್ಯದ ಕಥೆಯನ್ನೂ ತಪ್ಪಾಗಿ ಬರೆದಿದ್ದೀರಿ. 1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕೋಚ್ ಅವರ ಜೊತೆ ಕಟ್ಟಿದ ಪಂದ್ಯ ‘ಪ್ರಜ್ಞೆಯನ್ನು ವಿವರಿಸುತ್ತೇವೆ’ ಅಂತ ಅಲ್ಲ. ಪ್ರಜ್ಞೆಯ ಜೊತೆಜೊತೆಗೇ ನಡೆಯುವ ಮಿದುಳಿನ ಚಟುವಟಿಕೆ ಯಾವುದು ಅನ್ನುವುದು 25 ವರ್ಷದಲ್ಲಿ ಸ್ಪಷ್ಟವಾಗುತ್ತೆ ಅಂತ. ಅಷ್ಟೂ ಆಗಲಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೋಚ್ ಸೋಲೊಪ್ಪಿ ಚಾಲ್ಮರ್ಸ್‌ಗೆ ವೈನ್ ಕೊಟ್ಟರು, ಮತ್ತೆ 25 ವರ್ಷಕ್ಕೆ ಹೊಸ ಪಂದ್ಯ ಕಟ್ಟೋಣ ಅಂದರು. ಸೋತವರು ಕೆಲಸ ಬಿಟ್ಟಿಲ್ಲ. ಇದಕ್ಕೆ ‘ವಿಜ್ಞಾನದ ಸೋಲು’ ಅಂತ ಹೆಸರಿಡೋದು ನ್ಯಾಯ ಅಲ್ಲ, ಶೀರ್ಷಿಕೆ ಬದಲಿಸಿ.

ಇನ್ನೊಂದು ತಪ್ಪು. ಮಿದುಳಿನ ಸ್ಕ್ಯಾನ್ ಮಾಡಿದರೆ ವಿಚಾರಗಳು ಪರದೆ ಮೇಲೆ ಕಾಣುತ್ತವೆ ಅಂತ ಬರೆದಿದ್ದೀರಿ. ಎಫ್‌ಎಂಆರ್‌ಐ ಅನ್ನುವ ಆ ಸ್ಕ್ಯಾನ್ ಹಿಡಿಯುವುದು ರಕ್ತದ ಆಮ್ಲಜನಕದಲ್ಲಿ ಆಗುವ ಬದಲಾವಣೆಯನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಆದರೂ ಅದೇ ಯಂತ್ರದಿಂದ ಎಂಥ ಕೆಲಸ ಆಗಿದೆ ನೋಡಿ. ಅಪಘಾತದ ನಂತರ ಕಣ್ಣು ತೆರೆದರೂ ಯಾವುದಕ್ಕೂ ಸ್ಪಂದಿಸದ ಒಬ್ಬ ಯುವತಿಗೆ ಬ್ರಿಟನ್ನಿನಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ತಂಡದವರು ‘ಟೆನಿಸ್ ಆಡುತ್ತಿದ್ದೀಯ ಅಂತ ಕಲ್ಪಿಸಿಕೋ’ ಅಂದರು. ಆಮೇಲೆ ‘ನಿನ್ನ ಮನೆಯೊಳಗೆ ಓಡಾಡು’ ಅಂದರು. ಆರೋಗ್ಯವಂತರ ಮಿದುಳಿನಲ್ಲಿ ಚುರುಕಾಗುವ ಜಾಗಗಳೇ ಅವಳಲ್ಲೂ ಚುರುಕಾದವು. ಇದು ಪ್ರಕಟವಾದದ್ದು 2006ರಲ್ಲಿ. ಒಳಗೆ ಯಾರೂ ಇಲ್ಲ ಅಂದುಕೊಂಡಿದ್ದ ದೇಹದೊಳಗೆ ಮಾತು ಕೇಳಿಸಿಕೊಳ್ಳುವ ಒಬ್ಬಳಿದ್ದಳು. ಕಠಿಣ ಸಮಸ್ಯೆ ಇದರಿಂದ ಬಗೆಹರಿಯಲಿಲ್ಲ, ನಿಜ. ಆದರೆ ಹಾಸಿಗೆ ಪಕ್ಕ ಕೂತ ಮನೆಯವರಿಗೆ ಇದು ಎಷ್ಟು ದೊಡ್ಡ ವಿಷಯ! ಇದು ನಿಮ್ಮ ಲೇಖನದಲ್ಲಿ ಇರಲೇಬೇಕು.

ಈಗ ಏನು ಮಾಡಬೇಕು? ‘ಅನಾದಿ ಕಾಲದಿಂದಲೂ ಮಾನವನು’ ಅಂತ ಶುರುವಾಗುವ ಮೊದಲ ಐದೂ ಪುಟ ತೆಗೆಯಿರಿ. ಅವ್ವನ ಮಾತಿನಿಂದಲೇ ಶುರುಮಾಡಿ. ಉಪನಿಷತ್ತು ಬೇಕೆನಿಸಿದರೆ ಇರಲಿ, ಆದರೆ ಅದನ್ನು ಉತ್ತರದ ಜಾಗದಲ್ಲಿ ತಂದು ಕೂರಿಸಬೇಡಿ. ಅಲ್ಲಿ ಕೇಳಿರುವ ಪ್ರಶ್ನೆಗಳೇ ಬೇಕಾದಷ್ಟಿವೆ.

ಆಮೇಲೆ ನಿಮ್ಮೂರಲ್ಲೇ ಒಬ್ಬ ಅರಿವಳಿಕೆ ಡಾಕ್ಟರರನ್ನು ಭೇಟಿ ಮಾಡಿ. 1846ರಲ್ಲಿ ಬೋಸ್ಟನ್‌ನಲ್ಲಿ ಎಲ್ಲರೆದುರು ಈಥರ್ ಕೊಟ್ಟು ಆಪರೇಷನ್ ಮಾಡಿದಾಗಿನಿಂದ ಪ್ರಜ್ಞೆ ತಪ್ಪಿಸಿ ಮತ್ತೆ ತರುವುದೇ ಅವರ ದಿನನಿತ್ಯದ ಕೆಲಸ. ಇವತ್ತು ಕೊಡುವ ಪ್ರೊಪೊಫಾಲ್ ಎಂಬ ಔಷಧ, ನರಕೋಶಗಳ ಸದ್ದಡಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತೆ ಅನ್ನುವುದು ಗೊತ್ತಿದೆ. ಅಷ್ಟಕ್ಕೇ ಇಡೀ ಅನುಭವ ಹೇಗೆ ಆರಿಹೋಗುತ್ತೆ ಅನ್ನೋದರ ಬಗ್ಗೆ ಇನ್ನೂ ವಾದ ನಡೆದಿದೆ. ಅವ್ವನಿಗೆ ಪೂರ್ತಿ ಪ್ರಜ್ಞೆ ತಪ್ಪಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು ಅಂತ ಕೇಳಿ. ನಾಡಿ, ರಕ್ತದೊತ್ತಡ, ಔಷಧದ ಪ್ರಮಾಣ, ಕೆಲವೊಮ್ಮೆ ಹಣೆಗೆ ಅಂಟಿಸಿದ ಪಟ್ಟಿಯಿಂದ ಬರುವ ಮಿದುಳಿನ ಅಲೆ, ಇವನ್ನೆಲ್ಲ ನೋಡಿ ಅಂದಾಜು ಮಾಡುತ್ತಾರೆ. ಅನುಭವವನ್ನೇ ನೇರವಾಗಿ ಅಳೆಯುವ ಮೀಟರ್ ಅವರ ಹತ್ತಿರ ಇಲ್ಲ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. 1500 ಪದ ದಾಟಿಸಬೇಡಿ. ದೀಪಾವಳಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಬೆಳಗಾವಿ ಕಡೆ ಬಂದರೆ ಆಫೀಸಿಗೂ ಬನ್ನಿ, ಕರಡು ಎದುರಿಗಿಟ್ಟುಕೊಂಡು ಕೂತು ಮಾತಾಡೋಣ.