ವೀರಗಲ್ಲಿಗೆ ಸರ್ಕಲ್ ಬೇಡ ಅಣ್ಣಾ

ಗಟಾರ ಅಗೆಯುವಾಗ ಸಿಕ್ಕ ವೀರಗಲ್ಲನ್ನು ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ಬೇಡ. ರಸ್ತೆ, ಫುಟ್‌ಪಾತ್ ಮೇಲೆ ಮೂರ್ತಿ ಗೀರ್ತಿ ನಿಲ್ಲಿಸೋಕೆ ಪರ್ಮಿಶನ್ ಕೊಡಬೇಡಿ ಅಂತ 2013ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ನಾಳೆ ಯಾರೋ ಕಾಯಿ ಒಡೆದು, ನಾಡಿದ್ದು ಮೇಲೊಂದು ಶೆಡ್ ಎದ್ದಿತು ಅಂದ್ರೆ ಅದೇ ಕೋರ್ಟಿನ 2009ರ ಆದೇಶವೂ ಅಡ್ಡ ಬರುತ್ತೆ, ಅದು ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಗುಡಿ, ಮಸೀದಿ, ಚರ್ಚ್ ಕಟ್ಟೋದರ ಬಗ್ಗೆ.

ಮೊದಲು ತಹಶೀಲ್ದಾರರಿಗೆ ಬರೆದು ಕೊಡಿ, ಪುರಾತತ್ವ ಇಲಾಖೆಗೂ ಒಂದು ಕಾಪಿ. ಸಿಕ್ಕ ಜಾಗದ ಫೋಟೋ ತೆಗೆದಿಡಿ. ಹಾವೇರಿ ಸಿದ್ಧೇಶ್ವರ ಗುಡಿ ಆವರಣದಲ್ಲಿ ವೀರಗಲ್ಲುಗಳನ್ನು ಇಟ್ಟಿದ್ದಾರಲ್ವಾ, ಲಕ್ಕುಂಡಿಯಲ್ಲಂತೂ ಶಿಲ್ಪಗಳಿಗೆ ಮ್ಯೂಸಿಯಮ್ಮೇ ಇದೆ. ಒಮ್ಮೆ ನೋಡಿಕೊಂಡು ಬನ್ನಿ.

ಮತ್ತೆ ಆಯಿಲ್ ಪೇಂಟ್ ಮಾತ್ರ ಹಚ್ಚಬೇಡಿ ಮಾರಾಯ್ರೆ. ನಮ್ಮೂರಲ್ಲಿ ಭಕ್ತಿ ಜಾಸ್ತಿಯಾಗಿ ಇಡೀ ಕಲ್ಲಿಗೆ ಸಿಲ್ವರ್ ಬಳಿದರು. ಕೆಳಗಿನ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನ ಲಿಂಗ ಈಗಲೂ ಕಾಣ್ತವೆ. ಆದರೆ ಈ ಕೆತ್ತನೆಗಳ ನಡುವಿನ ಪಟ್ಟಿ ಮೇಲಿದ್ದ ಎರಡು ಸಾಲು ಹಳಗನ್ನಡ ಅಕ್ಷರ ಪೂರ್ತಿ ಮುಚ್ಚಿಹೋದವು.