ದೂಧಸಾಗರ ಧುಮುಕಿದ ಮ್ಯಾಲ ಎಲ್ಲಿಗೆ ಹೋಗತೈತಿ?

ಬೆಂಗಳೂರಿನ ದೋಸ್ತ ವಾಸ್ಕೋ ರೈಲಿನಾಗಿಂದ ದೂಧಸಾಗರ ಜಲಪಾತದ ವಿಡಿಯೋ ಕಳಿಸ್ಯಾನ. ಕೆಳಗ ಒಂದು ಸಾಲು: "ಇಷ್ಟು ನೀರು ಸಮುದ್ರಕ್ಕೆ ವೇಸ್ಟ್ ಆಗ್ತಿದೆ, ಆದ್ರೂ ನೀವು ಗೋವಾದೋರು ಕಳಸಾ-ಬಂಡೂರಿ ಬಿಡಲ್ಲ ಅಂತೀರಲ್ಲ?"

ತಮ್ಮಾ, ಒಂದ ಸಾಲಿನಾಗ ಎರಡು ಹೊಳಿ ಕಲಸಿಬಿಟ್ಟಿ.

ನೀ ನೋಡಿದ್ದು ಹುಟ್ಟೋದು ಕ್ಯಾಸಲ್‌ರಾಕ್ ಕಡೆ, ಜೋಯಿಡಾ ತಾಲೂಕಿನ ಕಾಡಿನಾಗ. ಗಡಿ ಹತ್ತಿರ ಸುಮಾರು 310 ಮೀಟರ್ ಧುಮುಕಿ, ಮೊಲೆಂ ಕಾಡು ಹಾದು ಕುಳೆಂ ಮುಟ್ಟತೈತಿ. ಮುಂದ ಅದಕ್ಕ ಖಾಂಡೇಪಾರ ಅಂತ ಹೆಸರು. ಕಳಸಾ, ಬಂಡೂರಿ ಖಾನಾಪುರ ತಾಲೂಕಿನವು, ಮಹದಾಯಿಗೆ ಸೇರೋ ಹಳ್ಳ. ಇವೆಲ್ಲಾ ಒಂದಾಗೋದು ಎಷ್ಟೋ ಕೆಳಗ, ಅಷ್ಟೊತ್ತಿಗೆ ಮಹದಾಯಿ ಮಾಂಡವಿ ಆಗಿರತೈತಿ. ಮಹದಾಯಿ ನ್ಯಾಯಮಂಡಳಿಯ 2018ರ ತೀರ್ಪಿನಾಗ ಮಲಪ್ರಭಾಕ್ಕ ತಿರುಗಿಸಾಕ ಕೊಟ್ಟಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ. ಅದರಾಗ ದೂಧಸಾಗರದ್ದು ಒಂದು ಹನಿಯೂ ಇಲ್ಲ.

ಇಲ್ಲಿ ಗೋವಾದವರಿಗೂ ಇದನ್ನ ತಿಳಿಸಿ ಸಾಕಾಗೈತಿ. ಫೋಂಡಾದಾಗ ನಳ ನಿಂತರ "ತುಮಚ್ಯಾ ಕರ್ನಾಟಕಾನ ಆಮಚೆಂ ಉದಕ ಆಡಾಯಲಾಂ" ಅಂತಾರ, ನಿಮ್ಮ ಕರ್ನಾಟಕ ನಮ್ಮ ನೀರು ತಡದೈತಿ ಅಂತ. ನಳದ ನೀರು ಬರೋದು ಓಪಾದ ನೀರು ಶುದ್ಧೀಕರಣ ಘಟಕದಿಂದ, ಅಂದ್ರ ಖಾಂಡೇಪಾರದಿಂದ. ಗೋವಾದಾಗಿರೋ ಕನ್ನಡಿಗರು ನಾವು, ಅಲ್ಲಿ 'ಗೋವಾದೋರು', ಇಲ್ಲಿ 'ಕರ್ನಾಟಕದೋರು'. ಬೈಗಳ ಮಾತ್ರ ಎರಡೂ ಕಡೆ ನಮ್ಮ ಪಾಲಿಗೇ.

ಓಪಾದ ತ್ರಾಸ ಬ್ಯಾರೆ. ಜುಲೈದಾಗ ನೀ ಕಂಡ ಹೊಳಿ ಏಪ್ರಿಲ್‌ದಾಗ ಬಂಡಿಗಲ್ಲಿನ ಸಂದಿಯಾಗ ಹರಿಯೋ ಹಳ್ಳ. ಅದಕ್ಕ ಮಳಿ ಹಿಂದಾದ ಮ್ಯಾಲ ಬಾಂದಾರಕ್ಕ, ಅಂದ್ರ ಹೊಳಿಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿಗೆ, ಹಲಗಿ ಇಳಸೋದು. ಲಗೂ ಇಳಿಸಿದರ ಹಿಂಗಾರಿ ಮಳಿ ಕೊಂಬಿ-ಕಸ ತಂದು ಹಲಗಿಗೆ ಒತ್ತತೈತಿ, ತಡಾ ಮಾಡಿದರ ಹಿಡಿಯೋ ನೀರ ಉಳಿದಿರಂಗಿಲ್ಲ. ಜೂನ್‌ಕ್ಕಿಂತ ಮೊದಲ ತಗೀಲಿಲ್ಲಂದ್ರ ಹಿಂದ ಹೂಳು ಕೂತಂಗ. ಇದರ ಮ್ಯಾಲ ಅದಿರು ಗಣಿ ಕಡೆಯಿಂದ ಕೆಂಪು ರಾಡಿ ಬಂತಂದ್ರ ಫಿಲ್ಟರ್ ಕಟ್ಟಿಕೊಂಡು ನಳ ಸಣ್ಣಗ ಬರತೈತಿ.

ಇನ್ನ ನಿನ್ನ 'ವೇಸ್ಟ್' ಮಾತು. ಭರತಿ ಜೋಡಿ ಉಪ್ಪುನೀರು ಮಾಂಡವಿಯೊಳಗ ಏರತೈತಿ. ಮ್ಯಾಲಿಂದ ಸಿಹಿನೀರು ಒತ್ತೋತನಕ ಅದು ಕೆಳಗ ಇರತೈತಿ, ಒತ್ತು ಕಡಿಮಿ ಆತಂದ್ರ ಊರೊಳಗಿನ ಬಾವಿಗೂ ಉಪ್ಪು. ದಂಡಿ ಮ್ಯಾಲಿನ ಖಾಜನ ಗದ್ದಿಗೆ, ಅಂದ್ರ ಒಡ್ಡು ಕಟ್ಟಿದ ತಗ್ಗು ಗದ್ದಿಗೆ, 'ಮಾನಸ' ಅನ್ನೋ ಬಾಗಿಲಿರತೈತಿ. ಭರತಿ ಬಂದರ ಮುಚ್ಚಿ, ಇಳತಕ್ಕ ತೆರೆದು ಒಳಗಿನ ನೀರು ಹೊರಗ ಬಿಡತೈತಿ. ಮಳಿಗೆ ಉಪ್ಪು ತೊಳದ ಮ್ಯಾಲನ ಅಲ್ಲಿ ಉಪ್ಪು ತಡಿಯೋ ಕೊರಗುಟ ಭತ್ತ.

ಮುಂದಿನ ಸಲ ಮೇದಾಗ ಬಾ. ಓಪಾದ ಬಾಂದಾರದ ಹತ್ತಿರ ನಿಂತು ಇನ್ನೊಂದು ವಿಡಿಯೋ ತಗಿ.